ರೂಢನಾಮವೂ ಇಂಗ್ಲಿಷಿನ ‘ಕಾಮನ್ ನೌನ್’ ಕಲ್ಪನೆಯೂ: ಹೊಸಪೇಟೆ ಪರಿಸರದ ಊರ ಹೆಸರುಗಳ ಹಿನ್ನೆಲೆಯಲ್ಲಿ

ಹೊಸಪೇಟೆಯ ಒಂದು ಪ್ರೌಢಶಾಲೆಯಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಕೆಲವು ವರ್ಷಗಳ ಹಿಂದೆ ತನ್ನ ಎರಡು ಉತ್ತರಪತ್ರಿಕೆಗಳನ್ನು ನನ್ನ ಮುಂದಿರಿಸಿ ಒಂದು ಪ್ರಶ್ನೆ ಕೇಳಿದಳು. ಇಂಗ್ಲಿಷ್ ಪತ್ರಿಕೆಯಲ್ಲಿ ‘ಮರ್ಚಂಟ್’ ಎಂಬ ಪದವನ್ನು ಆಕೆ ‘ಕಾಮನ್ ನೌನ್’ ಎಂದು ಗುರುತಿಸಿದ್ದಳು. ಅದಕ್ಕೆ ಪೂರ್ಣ ಅಂಕ ದೊರೆತಿತ್ತು. ಕನ್ನಡ ಪತ್ರಿಕೆಯಲ್ಲಿ ‘ವ್ಯಾಪಾರಿ’ ಎಂಬುದನ್ನು ರೂಢನಾಮವೆಂದು ಬರೆದಿದ್ದಳು. ಅದಕ್ಕೆ ಅಡ್ಡಗೆರೆ ಬಿದ್ದಿತ್ತು. ‘ಕಾಮನ್ ನೌನ್ ಎಂದರೆ ರೂಢನಾಮ ಎಂದು ನೀವೇ ಹೇಳಿಕೊಟ್ಟಿದ್ದೀರಲ್ಲ, ಸರ್?’ ಎಂಬುದು ಆಕೆಯ ಪ್ರಶ್ನೆ. ಇಬ್ಬರು ಅಧ್ಯಾಪಕರೂ ತಮ್ಮ ತಮ್ಮ ಶಾಸ್ತ್ರಕ್ಕೆ ಬದ್ಧರಾಗಿಯೇ ಅಂಕ ಕೊಟ್ಟಿದ್ದರು. ದೋಷವಿದ್ದುದು ಎರಡು ಶಾಸ್ತ್ರಗಳ ನಡುವೆ ನಾವು ಹಾಕಿಕೊಂಡಿರುವ ಸಮಚಿಹ್ನೆಯಲ್ಲಿ. ಆ ಚಿಹ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗಳನ್ನು ಬಹುಮಟ್ಟಿಗೆ ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಪರಿಸರದಿಂದಲೇ ಆರಿಸಿಕೊಂಡಿದ್ದೇನೆ. ಈ ನಾಲ್ಕು ಊರುಗಳ ಹೆಸರುಗಳು ಈ ಚರ್ಚೆಗಾಗಿಯೇ ಹುಟ್ಟಿದವೇನೋ ಎನ್ನಿಸುವಷ್ಟು ಒದಗಿಬರುತ್ತವೆ.

ಮೊದಲು ನಮ್ಮ ಪರಂಪರೆಯನ್ನು ನೋಡೋಣ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಇಂದಿನ ಶಾಲಾ ವ್ಯಾಕರಣಗಳವರೆಗೆ ಹರಿದುಬಂದಿರುವ ವಿಭಜನೆಯಂತೆ ವಸ್ತುವಾಚಕಗಳು ಮೂರು ತೆರ: ರೂಢ, ಅನ್ವರ್ಥ, ಅಂಕಿತ. ನೆಲ, ಮರ, ಕಲ್ಲು, ಊರು ಮುಂತಾದವು ರೂಢನಾಮಗಳು. ಇವುಗಳಿಗೆ ಈ ಅರ್ಥವೇ ಏಕೆ ಎಂದು ಕೇಳಿದರೆ ರೂಢಿಯ ಹೊರತು ಬೇರೆ ಉತ್ತರವಿಲ್ಲ. ಕುರುಡ, ಜಾಣ, ರೋಗಿ, ವ್ಯಾಪಾರಿ, ಶಿಕ್ಷಕ ಎಂಬಂಥವು ಅನ್ವರ್ಥನಾಮಗಳು. ಗುಣವನ್ನೋ ವೃತ್ತಿಯನ್ನೋ ಅವಸ್ಥೆಯನ್ನೋ ಅನುಸರಿಸಿ ಬಂದ ಹೆಸರುಗಳಿವು. ವ್ಯವಹಾರಕ್ಕಾಗಿ, ಗುರುತಿಗಾಗಿ ಇಟ್ಟುಕೊಂಡ ಹೆಸರುಗಳು ಅಂಕಿತನಾಮಗಳು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ರೂಢ ಮತ್ತು ಅನ್ವರ್ಥಗಳನ್ನು ಬೇರ್ಪಡಿಸುವ ಗೆರೆ ಪದಕ್ಕೂ ಅದರ ಅರ್ಥಕ್ಕೂ ಇರುವ ನಂಟನ್ನು ಕುರಿತದ್ದು: ಅರ್ಥವು ಪದದ ಒಳಗಿನಿಂದ ಕಾಣುತ್ತದೆಯೇ, ಇಲ್ಲವೇ ಎಂಬುದು ಅಲ್ಲಿಯ ಪ್ರಶ್ನೆ. ಅಂಕಿತವನ್ನು ಉಳಿದೆರಡರಿಂದ ಬೇರ್ಪಡಿಸುವ ಗೆರೆಯಾದರೋ ಪದಕ್ಕೂ ಜಗತ್ತಿಗೂ ಇರುವ ನಂಟನ್ನು ಕುರಿತದ್ದು: ಹೆಸರು ಒಂದು ವರ್ಗವನ್ನು ಹೇಳುತ್ತದೆಯೇ, ಒಂದು ವ್ಯಕ್ತಿಯನ್ನು ತೋರುತ್ತದೆಯೇ ಎಂಬುದು ಇಲ್ಲಿಯ ಪ್ರಶ್ನೆ. ಅಂದರೆ ಮೂರು ವಿಭಾಗಗಳು ಒಂದೇ ಅಳತೆಗೋಲಿನಿಂದ ಆದವುಗಳಲ್ಲ.

ಇಂಗ್ಲಿಷ್ ವ್ಯಾಕರಣ ಹಿಡಿದಿರುವುದು ಎರಡನೆಯ ಗೋಲನ್ನು ಮಾತ್ರ. ಅದರ ಮೂಲ ಗ್ರೀಕ್ ಮತ್ತು ಲ್ಯಾಟಿನ್ ವ್ಯಾಕರಣಗಳಲ್ಲಿದೆ. ಗ್ರೀಸಿನ ಸ್ಟೋಯಿಕ್ ಚಿಂತಕರು ವ್ಯಕ್ತಿಯ ಹೆಸರನ್ನೂ ವರ್ಗದ ಹೆಸರನ್ನೂ ಎರಡು ಬೇರೆಬೇರೆ ಪದಜಾತಿಗಳೆಂದೇ ಎಣಿಸಿದ್ದರು. ಅನಂತರದ ವೈಯಾಕರಣರು ಎರಡನ್ನೂ ‘ನಾಮ’ದ ಒಳಗೇ ಸೇರಿಸಿ, ಒಂದು ವಸ್ತುವಿಗೆ ಮೀಸಲಾದುದು ಹಾಗೂ ಹಲವಕ್ಕೆ ಸಮಾನವಾದುದು ಎಂದು ಒಳಭೇದ ಮಾಡಿದರು. ‘ಕಾಮನ್’ ಎಂಬ ವಿಶೇಷಣಕ್ಕೆ ಇಲ್ಲಿರುವ ಅರ್ಥ ಇದೇ: ಹಲವು ವಸ್ತುಗಳು ಸಮಾನವಾಗಿ ಹಂಚಿಕೊಂಡ ಹೆಸರು. ಅದನ್ನು ‘ರೂಢಿಯಲ್ಲಿರುವ’, ‘ಸಾಧಾರಣವಾದ’ ಎಂಬ ಅರ್ಥದಲ್ಲಿ ತೆಗೆದುಕೊಂಡಲ್ಲಿಂದಲೇ ನಮ್ಮ ಗೊಂದಲ ಮೊದಲಾಗುತ್ತದೆ. ಮರ, ಊರು ಎಂಬ ರೂಢನಾಮಗಳಷ್ಟೇ ಅಲ್ಲದೆ ವ್ಯಾಪಾರಿ, ರೋಗಿ, ಶಿಕ್ಷಕ ಎಂಬ ಅನ್ವರ್ಥನಾಮಗಳಿಗೂ ಇಂಗ್ಲಿಷಿನಲ್ಲಿ ಇರುವುದು ಒಂದೇ ಮನೆ. ತಲೆಮಾರುಗಳಿಂದ ಬಳಕೆಯಲ್ಲಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವು ಸಮೂಹವಾಚಕ ಮತ್ತು ಭಾವವಾಚಕಗಳನ್ನು ಕೂಡ ಇದೇ ಮನೆಯೊಳಗೆ ಕರೆದುಕೊಳ್ಳುತ್ತದೆ. ಹೀಗಿರುವಾಗ ‘ರೂಢನಾಮ’ವೆಂಬ ಚಿಕ್ಕ ಕೋಣೆಯನ್ನು ಆ ಇಡೀ ಮನೆಗೆ ಸಮವೆನ್ನುವುದು ಹೇಗೆ?

ಈಗ ನಮ್ಮ ಊರುಗಳಿಗೆ ಬರೋಣ. ‘ಹೊಸಪೇಟೆ’ ಎಂಬ ಹೆಸರಿನಲ್ಲಿ ಅಪಾರದರ್ಶಕವಾದುದು ಯಾವುದೂ ಇಲ್ಲ. ಹೊಸದು ಮತ್ತು ಪೇಟೆ ಸೇರಿದ ಕರ್ಮಧಾರಯವದು. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಕಾಲದಲ್ಲಿ, ರಾಜಧಾನಿಯ ಪಕ್ಕದಲ್ಲಿ ಹೊಸದಾಗಿ ಎದ್ದ ಪೇಟೆಗೆ ಈ ಹೆಸರು ಅಕ್ಷರಶಃ ಒಪ್ಪುತ್ತಿತ್ತು. ನಾಗಲಾಪುರವೆಂಬ ಗೌರವದ ಹೆಸರೂ ಅದಕ್ಕಿತ್ತು. ಆದರೆ ಜನರ ಬಾಯಲ್ಲಿ ಉಳಿದುದು ವಾಡಿಕೆಯ ‘ಹೊಸ ಪೇಟೆ’. ಇಂದು ಆ ಪೇಟೆಗೆ 500 ವರ್ಷಗಳಾಗಿವೆ. ಆದರೂ ಹೆಸರು ಸುಳ್ಳೆಂದು ಯಾರೂ ದೂರುವುದಿಲ್ಲ. ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞ ಜಾನ್ ಸ್ಟುಅರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ ಇಂಥದೇ ನಿದರ್ಶನವೊಂದನ್ನು ಎತ್ತಿಕೊಂಡಿದ್ದಾನೆ. ಡಾರ್ಟ್ ನದಿಯ ಮುಖದಲ್ಲಿರುವುದರಿಂದ ಒಂದು ಊರಿಗೆ ಡಾರ್ಟ್‌ಮತ್ ಎಂಬ ಹೆಸರು ಬಂದಿರಬಹುದು. ನಾಳೆ ನದಿ ತನ್ನ ಪಾತ್ರವನ್ನು ಬದಲಿಸಿದರೂ ಊರಿನ ಹೆಸರು ಬದಲಾಗಬೇಕಾಗಿಲ್ಲ. ಹೆಸರನ್ನಿಡಲು ಇದ್ದ ಕಾರಣ ಬೇರೆ, ಆ ಹೆಸರಿನ ಅರ್ಥ ಬೇರೆ ಎಂಬುದು ಅವನ ವಾದ. ನಮಗೆ ಡಾರ್ಟ್‌ಮತ್‌ವರೆಗೆ ಹೋಗುವ ಅಗತ್ಯವಿಲ್ಲ. ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ನಿಂತರೆ ಸಾಕು.

ಈ ಭೇದವನ್ನು ವಾಕ್ಯದಲ್ಲಿಯೇ ಪರೀಕ್ಷಿಸಬಹುದು. ‘ಹಳೆಯ ಹೊಸಪೇಟೆ’ ಎಂದರೆ ಊರಿನ ಹಳೆಯ ಭಾಗವೆಂದು ಅರ್ಥವಾಗುತ್ತದೆ, ಅದರಲ್ಲಿ ವಿರೋಧವಿಲ್ಲ. ‘ಹಳೆಯ ಹೊಸ ಪೇಟೆ’ ಎಂದು ಬಿಡಿಸಿ ಹೇಳಿದರೆ ಕೇಳಿದವರು ಹುಬ್ಬೇರಿಸುತ್ತಾರೆ. ‘ಬಹಳ ಹೊಸ ಪೇಟೆ’ ಎನ್ನಬಹುದು. ಊರನ್ನು ಕುರಿತು ‘ಬಹಳ ಹೊಸಪೇಟೆ’ ಎನ್ನಲಾಗದು. ಸಮಾಸವಾಗಿ ಗಟ್ಟಿಗೊಂಡು ಅಂಕಿತವಾದ ಕೂಡಲೇ ಪೂರ್ವಪದದ ವಿಶೇಷಣತ್ವ ಮಲಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಈ ವ್ಯತ್ಯಾಸವನ್ನು ದೊಡ್ಡ ಅಕ್ಷರವು ಕಣ್ಣಿಗೆ ತೋರಿಸುತ್ತದೆ. ನಮ್ಮ ಲಿಪಿಗೆ ದೊಡ್ಡ ಅಕ್ಷರವಿಲ್ಲ. ಹೆಚ್ಚೆಂದರೆ ಪದಗಳ ನಡುವಿನ ತೆರಪು ಇದೆ. ‘ದೊಡ್ಡ ಅಕ್ಷರದಿಂದ ತೊಡಗುವುದು ಪ್ರಾಪರ್ ನೌನ್’ ಎಂದು ತರಗತಿಯಲ್ಲಿ ಹೇಳುವುದುಂಟಷ್ಟೆ. ಅದು ಕಾರಣ ಕಾರ್ಯಗಳನ್ನು ತಲೆಕೆಳಗು ಮಾಡಿದ ಮಾತು. ‘ಒಬ್ಬ ಕನ್ನಡಿಗ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದಾಗ ‘ಕನ್ನಡಿಗ’ಕ್ಕೆ ದೊಡ್ಡ ಅಕ್ಷರ ಬರುತ್ತದೆ, ಆದರೆ ಅದು ‘ಎ’ ಎಂಬ ಆರ್ಟಿಕಲನ್ನೂ ಬಹುವಚನ ಪ್ರತ್ಯಯವನ್ನೂ ಯಾವ ಅಡ್ಡಿಯೂ ಇಲ್ಲದೆ ಸ್ವೀಕರಿಸುತ್ತದೆ. 1986ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ನಮ್ಮ ಸ್ಮಾರಕಗಳ ಅಧಿಕೃತ ಹೆಸರು ‘ಗ್ರೂಪ್ ಆಫ್ ಮಾನ್ಯುಮೆಂಟ್ಸ್ ಅಟ್ ಹಂಪಿ’. ಅಲ್ಲಿಯ ‘ಗ್ರೂಪ್’, ‘ಮಾನ್ಯುಮೆಂಟ್ಸ್’ ಎರಡೂ ದೊಡ್ಡ ಅಕ್ಷರ ತೊಟ್ಟ ಕಾಮನ್ ನೌನುಗಳೇ.

ಹೊಸಪೇಟೆಯ ಹೆಸರಿಗೆ ಇನ್ನೊಂದು ಅಧ್ಯಾಯವೂ ಇದೆ. ಆಂಗ್ಲರ ಬರವಣಿಗೆಯಲ್ಲಿ ಅದು ‘ಹಾಸ್ಪೆಟ್’ ಆಯಿತು. ಅಲ್ಲಿ ‘ಹೊಸ’ವೂ ಇಲ್ಲ, ‘ಪೇಟೆ’ಯೂ ಇಲ್ಲ, ಅರ್ಥವೆಲ್ಲ ಸೋರಿಹೋಗಿ ಬರಿಯ ಗುರುತು ಉಳಿದಿತ್ತು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ಹೊಂದಿಸಿದಾಗ ಹೊಸಪೇಟೆಯೂ ಅವುಗಳಲ್ಲಿ ಒಂದಾಗಿತ್ತು. ಮಿಲ್‌ನ ಮಾತನ್ನು ಕಟ್ಟುನಿಟ್ಟಾಗಿ ಒಪ್ಪಿದರೆ ಈ ಬದಲಾವಣೆಯಿಂದ ಏನೂ ಆಗಬಾರದು. ತೋರುವ ಊರು ಅದೇ ತಾನೆ? ಆದರೆ ಆಗಿದೆ. ಅಂಕಿತನಾಮದೊಳಗೆ ಮಲಗಿದ್ದ ರೂಢನಾಮ ಇಂಗ್ಲಿಷ್ ಬರಹದಲ್ಲೂ ಮತ್ತೆ ಕಿವಿಗೆ ಬೀಳುವಂತಾಗಿದೆ. ವ್ಯಕ್ತಿನಾಮ, ಸ್ಥಳನಾಮಗಳಿಗೆ ಅರ್ಥವೇ ಇಲ್ಲವೆಂಬ ವಾದ ತರ್ಕಕ್ಕೆ ಸರಿ. ಹೆಸರಿನೊಡನೆ ಬದುಕುವ ಜನರ ಅನುಭವಕ್ಕೆ ಅದು ಪೂರ್ತಿ ಹೊಂದುವುದಿಲ್ಲವೆಂದು ನನಗೆ ತೋರುತ್ತದೆ.

ಕಂಪ್ಲಿಯದು ಇದಕ್ಕೆ ತದ್ವಿರುದ್ಧವಾದ ನಿದರ್ಶನ. 1327ರ ಸುಮಾರಿಗೆ ದೆಹಲಿಯ ತುಘಲಕ್ ಸೈನ್ಯದೆದುರು ಬಿದ್ದ ಕಂಪಿಲರಾಯನ ರಾಜ್ಯದ ಹೆಸರನ್ನು ಅದು ಹೊತ್ತಿದೆ. ಕಂಪಿಲಿ ಎಂಬುದರ ನಡುವಣ ಸ್ವರ ಆಡುಮಾತಿನಲ್ಲಿ ಲೋಪವಾಗಿ ಕಂಪ್ಲಿ ಎಂದಾಯಿತು. ಇಂದಿನ ಕನ್ನಡಿಗನಿಗೆ ಈ ಹೆಸರಿನೊಳಗೆ ಯಾವ ಜೀವಂತ ಪದವೂ ಕಾಣದು. ಹಂಪೆಯೂ ಹಾಗೆಯೇ. ಪಂಪಾ ಎಂಬುದು ಪಕಾರ ಹಕಾರವಾಗುವ ಪ್ರಕ್ರಿಯೆಗೆ ಒಳಗಾಗಿ ಹಂಪೆಯಾಯಿತು. ಪಾಲು ಹಾಲಾದಂತೆ, ಪೂ ಹೂವಾದಂತೆ ಎಂದು ಪದವಿ ತರಗತಿಯಲ್ಲಿ ನಾವು ಪಾಠ ಹೇಳುತ್ತೇವೆ. ಆದರೆ ವಿದ್ವಾಂಸನಿಗೆ ಕಾಣುವ ಈ ದಾರಿ ಊರಿನವರಿಗೆ ಕಾಣಬೇಕಾದ ಅಗತ್ಯವಿಲ್ಲ. ಅವರು ಪಂಪಾಪತಿ ಎಂದು ಮಗನಿಗೂ ಹಂಪಮ್ಮ ಎಂದು ಮಗಳಿಗೂ ಹೆಸರಿಡುತ್ತಾರೆ. ಎರಡರ ಮೂಲ ಒಂದೇ ಎಂಬ ಎಚ್ಚರ ವ್ಯವಹಾರಕ್ಕೆ ಬೇಕಿಲ್ಲ. ಎಕಾರಾಂತಗಳು ಇಕಾರಾಂತಗಳಾಗುವ ಈ ಭಾಗದ ಮಾತಿನಲ್ಲಿ ಮನೆ ‘ಮನಿ’ಯಾದಂತೆ ಹಂಪೆ ‘ಹಂಪಿ’ಯಾಗುತ್ತದೆ. ಧ್ವನಿನಿಯಮಕ್ಕೆ ರೂಢ, ಅಂಕಿತ ಎಂಬ ಪಂಕ್ತಿಭೇದವಿಲ್ಲ. ಸಂಡೂರು ನಡುವಿನದು: ಉತ್ತರಪದವಾದ ‘ಊರು’ ಎಲ್ಲರಿಗೂ ಸ್ಪಷ್ಟ, ಪೂರ್ವಪದ ಇಂದಿನ ಮಾತಿಗೆ ಅಸ್ಪಷ್ಟ. ಸ್ಥಳನಾಮ ಅಧ್ಯಯನದ ಪರಿಭಾಷೆಯಲ್ಲಿ ಹೇಳುವುದಾದರೆ ವಾರ್ಗಿಕ ಉಳಿದಿದೆ, ನಿರ್ದಿಷ್ಟಕ ಮಾಸಿದೆ.

ಈ ನಾಲ್ಕು ಹೆಸರುಗಳನ್ನು ಒಟ್ಟಿಗೆ ಇರಿಸಿದಾಗ ನಮ್ಮ ಮೂಲ ಪ್ರಶ್ನೆಗೆ ಬೆಳಕು ದೊರೆಯುತ್ತದೆ. ಹೊಸಪೇಟೆ ಹುಟ್ಟಿದಾಗ ಅನ್ವರ್ಥ, ಬಳಕೆಯಲ್ಲಿ ಅಂಕಿತ. ಕಂಪ್ಲಿ ಬಳಕೆಯಲ್ಲಿ ಅಂಕಿತವೇ ಆದರೂ ಅರ್ಥದ ಪಾರದರ್ಶಕತೆಯ ದೃಷ್ಟಿಯಿಂದ ರೂಢನಾಮದಂತೆ ಮುಚ್ಚಿಕೊಂಡಿದೆ. ಅತ್ತ ‘ಮರ’ ಮುಚ್ಚಿದ ವರ್ಗನಾಮ, ‘ವ್ಯಾಪಾರಿ’ ತೆರೆದ ವರ್ಗನಾಮ. ಅಂದರೆ ತೆರೆದದ್ದು, ಮುಚ್ಚಿದ್ದು ಎಂಬ ಭೇದ ಒಂದು. ವರ್ಗದ್ದು, ವ್ಯಕ್ತಿಯದು ಎಂಬ ಭೇದ ಇನ್ನೊಂದು. ಇವೆರಡೂ ಒಂದನ್ನೊಂದು ಅಡ್ಡಹಾಯುತ್ತವೆ. ರೂಢನಾಮವನ್ನು ಕಾಮನ್ ನೌನಿಗೆ ಸಮೀಕರಿಸುವವರು ಅಡ್ಡಗೆರೆಯನ್ನೂ ಉದ್ದಗೆರೆಯನ್ನೂ ಒಂದೇ ಎಂದು ತಿಳಿಯುತ್ತಿದ್ದಾರೆ.

‘ಹಲವಕ್ಕೆ ಅನ್ವಯಿಸುವ ಹೆಸರು ಕಾಮನ್ ನೌನ್’ ಎಂಬ ಪ್ರಚಲಿತ ಲಕ್ಷಣದಲ್ಲಿಯೂ ಒಂದು ಬಿರುಕಿದೆ. ‘ವಿಜಯನಗರ’ ಎಂಬ ಹೆಸರು ಹಿಂದೆ ರಾಜಧಾನಿಯದಾಗಿತ್ತು, ಸಾಮ್ರಾಜ್ಯದ್ದಾಗಿತ್ತು. ಬೆಂಗಳೂರಿನ ಒಂದು ಬಡಾವಣೆಗೂ ಅದೇ ಹೆಸರಿದೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡ ಹೊಸ ಜಿಲ್ಲೆಗೂ ಅದೇ ಹೆಸರು ಬಂದಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಇಷ್ಟು ಮಂದಿ ಹಂಚಿಕೊಂಡರೂ ‘ವಿಜಯನಗರ’ ಕಾಮನ್ ನೌನ್ ಆಗಲಿಲ್ಲ. ಏಕೆಂದರೆ ಇವುಗಳೆಲ್ಲದರಲ್ಲಿ ಇರುವ ಸಮಾನ ಧರ್ಮವೊಂದನ್ನು ಆ ಹೆಸರು ಹೇಳುವುದಿಲ್ಲ. ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಇಟ್ಟ ಹೆಸರದು. ‘ಊರು’ ಎಂಬುದು ಎಲ್ಲ ಊರುಗಳಿಗೂ ಸಲ್ಲುವುದು ಊರುತನದಿಂದ. ಪತಂಜಲಿಯ ಮಹಾಭಾಷ್ಯವು ಶಬ್ದಪ್ರವೃತ್ತಿಯನ್ನು ಜಾತಿ, ಗುಣ, ಕ್ರಿಯೆ, ಯದೃಚ್ಛೆ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವಾಗ ಈ ಭೇದ ಸ್ಪಷ್ಟವಾಗಿದೆ. ಇಚ್ಛೆಯಂತೆ ಇಟ್ಟದ್ದು ಯದೃಚ್ಛಾಶಬ್ದ. ವರ್ಗಧರ್ಮದಿಂದ ಬಂದದ್ದು ಜಾತಿಶಬ್ದ.

ಮೇಲಿನದೆಲ್ಲ ಅರ್ಥವಿಚಾರ. ಇಂಗ್ಲಿಷಿನಲ್ಲಿ ಕಾಮನ್ ನೌನ್ ಎಂಬುದು ಅರ್ಥದ ವರ್ಗವಾಗಿರುವಷ್ಟೇ ವಾಕ್ಯರಚನೆಯ ವರ್ಗವೂ ಹೌದು. ಎಣಿಸಬಹುದಾದ ಕಾಮನ್ ನೌನ್ ಏಕವಚನದಲ್ಲಿ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲಲಾರದು. ಅದಕ್ಕೆ ‘ಎ’ ಅಥವಾ ‘ದಿ’ ಅಥವಾ ಅಂಥದೇ ಒಂದು ಊರುಗೋಲು ಬೇಕು. ನಮ್ಮ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ‘ಹುಡುಗ ಬಂದ’ ಎಂದಾಗ ಕನ್ನಡದಲ್ಲಿ ಆ ಹುಡುಗ ಪರಿಚಿತನೇ. ‘ಒಬ್ಬ ಹುಡುಗ ಬಂದ’ ಎಂದರೆ ಹೊಸಬ. ಇಂಗ್ಲಿಷಿನಲ್ಲಿ ‘ದಿ’ ಮಾಡುವ ಕೆಲಸವನ್ನು ಕನ್ನಡದಲ್ಲಿ ಕರ್ತೃಸ್ಥಾನದ ಬರಿಯ ನಾಮವೇ ಮಾಡುತ್ತದೆ. ಅಂಕಿತಕ್ಕೆ ಆರ್ಟಿಕಲ್ ಬೇಡವೆಂದು ಕಲಿಸಿದ ಮೇಲೆ ‘ದಿ ತುಂಗಭದ್ರಾ’ ಎಂದು ಬರೆಯಿಸಬೇಕಾಗಿ ಬಂದು ಅಧ್ಯಾಪಕರೇ ಮುಜುಗರಪಡುತ್ತಾರೆ. ನದಿಯ ಹೆಸರುಗಳಿಗೆ ಇಂಗ್ಲಿಷ್ ಆರ್ಟಿಕಲ್ ಹಚ್ಚುತ್ತದೆ, ಊರಿನ ಹೆಸರುಗಳಿಗೆ ಹಚ್ಚುವುದಿಲ್ಲ. ಸಂಡೂರನ್ನು ಆಳಿದ ಮನೆತನವನ್ನು ಇಂಗ್ಲಿಷ್ ‘ದಿ ಘೋರ್ಪಡೇಸ್’ ಎನ್ನುತ್ತದೆ: ಆರ್ಟಿಕಲ್ ಮತ್ತು ಬಹುವಚನ ಎರಡೂ ಸೇರಿ ಒಂದು ಕುಟುಂಬವನ್ನು ವರ್ಗವಾಗಿಸುತ್ತವೆ. ಕನ್ನಡದ ‘ಘೋರ್ಪಡೆಯವರು’ ಮನೆತನವೂ ಆಗಬಹುದು, ಗೌರವದ ಒಬ್ಬ ವ್ಯಕ್ತಿಯೂ ಆಗಬಹುದು. ನಮ್ಮ ಬಹುವಚನ ಎಣಿಕೆಗಿಂತ ಮರ್ಯಾದೆಗೆ ಹೆಚ್ಚು ದುಡಿಯುತ್ತದೆ.

ಎಣಿಕೆಯ ವಿಷಯದಲ್ಲಿಯೂ ಹೀಗೆಯೇ. ಹೊಸಪೇಟೆಯ ಸಂತೆಯಲ್ಲಿ ‘ಹತ್ತು ಬಾಳೆಹಣ್ಣು ಕೊಡಿ’ ಎನ್ನುತ್ತೇವೆ, ‘ಹತ್ತು ಬಾಳೆಹಣ್ಣುಗಳನ್ನು’ ಎನ್ನುವುದಿಲ್ಲ. ಸಂಖ್ಯೆ ಹೇಳಿದ ಮೇಲೆ ನಪುಂಸಕಲಿಂಗದ ನಾಮಕ್ಕೆ ‘ಗಳು’ ಐಚ್ಛಿಕ. ಇಂಗ್ಲಿಷಿನಲ್ಲಿ ಅದು ಕಡ್ಡಾಯ. ಹೀಗಾಗಿ ಎಣಿಸುವ ಮತ್ತು ಎಣಿಸದ ನಾಮಗಳ ಗೆರೆ ಕನ್ನಡದಲ್ಲಿ ಪ್ರತ್ಯಯದಿಂದ ಕಾಣುವುದಿಲ್ಲ. ಕಂಪ್ಲಿಯ ಭತ್ತ, ಸಂಡೂರಿನ ಅದಿರು ಎಣಿಕೆಗೆ ಸಿಗದವು ಎಂಬುದು ಲೋಕಜ್ಞಾನದಿಂದ ತಿಳಿಯುತ್ತದೆ. ಆದರೆ ‘ಫರ್ನಿಚರ್’, ‘ಲಗೇಜ್’ ಎಂಬ ಪದಗಳಿಗೆ ಇಂಗ್ಲಿಷಿನಲ್ಲಿ ಬಹುವಚನ ಸಲ್ಲದೆಂದು ಲೋಕಜ್ಞಾನ ಹೇಳಿಕೊಡುವುದಿಲ್ಲ; ಅದನ್ನು ಪದದೊಡನೆ ಕಲಿಯಬೇಕು.

ಹಾಗಾದರೆ ಕನ್ನಡದಲ್ಲಿ ವರ್ಗನಾಮ ಮತ್ತು ಅಂಕಿತನಾಮಗಳ ನಡುವೆ ವ್ಯಾಕರಣದ ಭೇದವೇ ಇಲ್ಲವೇ? ಇದೆ, ನಾವು ಹುಡುಕಿಲ್ಲ, ಅಷ್ಟೆ. ಕನ್ನಡಕ್ಕೆ ಸಂಸ್ಕೃತದ ಅಚ್ಚು ಒಗ್ಗದೆಂದು ಡಿ.ಎನ್. ಶಂಕರಭಟ್ ಅವರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಹೇಳಿದ ಮಾತು ಇಂಗ್ಲಿಷಿನ ಅಚ್ಚಿಗೂ ಸಲ್ಲುತ್ತದೆ. ಎರಡು ಪರೀಕ್ಷೆಗಳನ್ನು ಇಲ್ಲಿ ಸೂಚಿಸಬಯಸುತ್ತೇನೆ.

ಒಂದನೆಯದು ದ್ವಿತೀಯಾ ವಿಭಕ್ತಿಯದು. ಮದುವೆಯ ಮಾತುಕತೆಯ ಸಂದರ್ಭದಲ್ಲಿ ‘ಹುಡುಗಿ ನೋಡಲು ಹೋದರು’ ಎನ್ನುತ್ತೇವೆ. ಇಲ್ಲಿ ‘ಹುಡುಗಿ’ ಕರ್ಮಪದ, ಆದರೆ ‘ಅನ್ನು’ ಇಲ್ಲ. ಯಾವ ಹುಡುಗಿ ಎಂಬುದು ಮುಖ್ಯವಲ್ಲ, ಕಾರ್ಯವಷ್ಟೇ ಮುಖ್ಯ. ‘ಹುಡುಗಿಯನ್ನು ನೋಡಲು ಹೋದರು’ ಎಂದರೆ ಗೊತ್ತಾದ ಒಬ್ಬಳು. ಈಗ ಆ ಸ್ಥಾನದಲ್ಲಿ ಗೌರಿ ಎಂಬ ಹೆಸರನ್ನಿಡಿ. ‘ಗೌರಿಯನ್ನು ನೋಡಲು ಹೋದರು’ ಸರಿ. ಅದೇ ಅರ್ಥದಲ್ಲಿ ‘ಗೌರಿ ನೋಡಲು ಹೋದರು’ ಎಂದು ಕನ್ನಡಿಗರು ಹೇಳುವುದಿಲ್ಲ. ಮನುಷ್ಯವಾಚಕವಾದ ವರ್ಗನಾಮಕ್ಕೆ ವಿಭಕ್ತಿಯನ್ನು ಬಿಡುವ ಸ್ವಾತಂತ್ರ್ಯವಿದೆ, ಅಂಕಿತಕ್ಕಿಲ್ಲ. ಊರ ಹೆಸರುಗಳು ಮಾತ್ರ ಇಲ್ಲಿ ಸಡಿಲ: ‘ಹಂಪಿ ನೋಡಿದೆ’ ಎಂಬುದು ಆಡುಮಾತಿನಲ್ಲಿ ಸಹಜವೇ.

ಎರಡನೆಯ ಪರೀಕ್ಷೆ ‘ಎಂಬ’ ಎಂಬುದರದು. ‘ಕಂಪ್ಲಿ ಎಂಬ ಊರು’ ಎನ್ನಬಹುದು. ‘ಊರು ಎಂಬ ಕಂಪ್ಲಿ’ ಎನ್ನಲಾಗದು. ‘ಎಂಬ’ದ ಹಿಂದೆ ಯಾವ ನಾಮವಾದರೂ ಬರಬಹುದು, ‘ಮಾವು ಎಂಬ ಮರ’ ಎಂಬಂತೆ. ಅದರ ಮುಂದಿನ ಪೀಠ ಮಾತ್ರ ವರ್ಗನಾಮಕ್ಕೆ ಮೀಸಲು. ಯಾರಾದರೂ ‘ನಮ್ಮೂರೆಂಬ ಹಂಪೆ’ ಎಂದರೆ ಅರ್ಥವಾಗುತ್ತದೆಯಲ್ಲ ಎಂದು ಆಕ್ಷೇಪಿಸಬಹುದು. ಹೌದು, ಅರ್ಥವಾಗುತ್ತದೆ, ಏಕೆಂದರೆ ಅಲ್ಲಿ ಹಂಪೆ ಊರಲ್ಲ, ಪಾಳುಬಿದ್ದ ವೈಭವ. ‘ಮನೆ ಹಾಳು ಹಂಪೆಯಾಗಿದೆ’ ಎಂಬ ಮಾತು ಕನ್ನಡ ನಾಡಿನಾದ್ಯಂತ ಇದೆ. ಹಂಪೆಯನ್ನು ಎಂದೂ ಕಾಣದವರೂ ಇದನ್ನು ಬಳಸುತ್ತಾರೆ. ಅಂಕಿತವು ವರ್ಗನಾಮವಾಗಿ ಬದಲಾದುದನ್ನು ಪರೀಕ್ಷೆಯೇ ತೋರಿಸಿಕೊಡುತ್ತದೆ.

ವಿರುದ್ಧ ದಿಕ್ಕಿನ ಪಯಣವೂ ನಿತ್ಯ ನಡೆಯುತ್ತಿರುತ್ತದೆ. ‘ಊರಿಗೆ ಹೋಗಿ ಬಂದೆ’ ಎಂದರೆ ಹೇಳುವವನ ಹುಟ್ಟೂರು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟು ಹೊಸಪೇಟೆಯವರಿಗೆ ಬರಿಯ ‘ಡ್ಯಾಂ’. ದೇಶದ ಬೇರಾವ ಡ್ಯಾಮೂ ಅವರ ಮಾತಿನಲ್ಲಿ ವಿಶೇಷಣವಿಲ್ಲದೆ ಬರುವುದಿಲ್ಲ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದ ದಿನಗಳಲ್ಲಿ ಇಲ್ಲಿ ‘ಗೇಟು’ ಎಂದರೆ ಅದೊಂದೇ ಗೇಟು. ಹೊಸಪೇಟೆ ತಾಲ್ಲೂಕಿನ ಡಣನಾಯಕನಕೆರೆಯಲ್ಲಿ ದಂಡನಾಯಕನೆಂಬ ಪದವಿವಾಚಕ, ಕೆರೆಯೆಂಬ ರೂಢನಾಮ ಎರಡೂ ಕೂಡಿ ಒಂದು ಊರಾಗಿವೆ. ತೋರಣಗಲ್ಲಿನಲ್ಲಿ ಕಲ್ಲು, ಮರಿಯಮ್ಮನಹಳ್ಳಿಯಲ್ಲಿ ಹಳ್ಳಿ, ಅನಂತಶಯನಗುಡಿಯಲ್ಲಿ ಗುಡಿ ಇವೆ. ಶಂ.ಬಾ. ಜೋಶಿಯವರ ‘ಎಡೆಗಳು ಹೇಳುವ ಕಂನಾಡ ಕಥೆ’ಯಿಂದ ಬೆಳೆದುಬಂದ ನಮ್ಮ ಸ್ಥಳನಾಮ ಸಂಶೋಧನೆ ಇಂಥ ಪದಗಳನ್ನು ಇತಿಹಾಸದ ಆಕರಗಳಾಗಿ ಚೆನ್ನಾಗಿ ದುಡಿಸಿಕೊಂಡಿದೆ, ವ್ಯಾಕರಣದ ಆಕರಗಳಾಗಿ ಅಷ್ಟಾಗಿ ಬಳಸಿಕೊಂಡಿಲ್ಲ.

ಇನ್ನು ಪಾರಿಭಾಷಿಕ ಪದದ ಪ್ರಶ್ನೆ. ಹಿಂದಿಯ ಶಾಲಾ ವ್ಯಾಕರಣದಲ್ಲಿ ಕಾಮನ್ ನೌನಿಗೆ ‘ಜಾತಿವಾಚಕ’ ಎಂಬ ಹೆಸರಿದೆ, ಮರಾಠಿಯಲ್ಲಿ ‘ಸಾಮಾನ್ಯನಾಮ’ ಎಂದಿದೆ. ಶಾಸ್ತ್ರದೃಷ್ಟಿಯಿಂದ ‘ಜಾತಿವಾಚಕ’ ಪತಂಜಲಿಗೆ ಹತ್ತಿರವಾದುದು. ಆದರೆ ನಮ್ಮ ತರಗತಿಗಳಲ್ಲಿ ‘ಜಾತಿ’ ಎಂದ ಕೂಡಲೇ ಮಕ್ಕಳ ಮನಸ್ಸು ಎತ್ತ ಹೊರಳುತ್ತದೆಂಬುದು ಅಧ್ಯಾಪಕರೆಲ್ಲರಿಗೂ ಗೊತ್ತು. ಆದುದರಿಂದ ‘ಸಾಮಾನ್ಯನಾಮ’ವೇ ಮೇಲು, ನ್ಯಾಯಶಾಸ್ತ್ರದಲ್ಲಿ ‘ಸಾಮಾನ್ಯ’ಕ್ಕೆ ಹಲವರಲ್ಲಿ ನೆಲೆಸಿದ ಸಮಾನಧರ್ಮ ಎಂಬ ಅರ್ಥ ಸಿದ್ಧವಾಗಿಯೇ ಇದೆ. ‘ರೂಢನಾಮ’ವನ್ನು ಕೇಶಿರಾಜನ ಚೌಕಟ್ಟಿಗೆ, ಅನ್ವರ್ಥದ ಜೊತೆಗಾರನಾಗಿ, ಉಳಿಸಿಕೊಳ್ಳಬೇಕು. ಇಂಗ್ಲಿಷ್ ವ್ಯಾಕರಣವನ್ನು ಕನ್ನಡದಲ್ಲಿ ವಿವರಿಸುವಾಗ, ರೂಢ ಮತ್ತು ಅನ್ವರ್ಥ ಎರಡೂ ಸಾಮಾನ್ಯನಾಮದ ಒಳಗೆ ಬರುತ್ತವೆಂದು ಒಂದು ವಾಕ್ಯ ಸೇರಿಸಿದರೆ ‘ವ್ಯಾಪಾರಿ’ಯ ತೊಡಕು ಬಿಡಿಸಿಕೊಳ್ಳುತ್ತದೆ. ಆ ವಿದ್ಯಾರ್ಥಿನಿಗೆ ನಾನು ಅಂದು ಇಷ್ಟನ್ನು ಹೇಳಲಿಲ್ಲ; ‘ಕನ್ನಡ ಪತ್ರಿಕೆಯಲ್ಲಿ ಅನ್ವರ್ಥ ಎಂದು ಬರಿ, ಇಂಗ್ಲಿಷಿನಲ್ಲಿ ಕಾಮನ್ ನೌನ್ ಎಂದು ಬರಿ’ ಎಂದಷ್ಟೇ ಹೇಳಿ ಕಳುಹಿಸಿದೆ. ಆಕೆ ತಲೆಯಾಡಿಸಿದಳು, ಒಪ್ಪಿದಂತೆ ಕಾಣಲಿಲ್ಲ.